ಭೋಂಗಾ ಕೂಗುವ ಹೊತ್ತು

ಸಡಾ ಗುಡ್ಡದ ಮೇಲಿರುವ ನಮ್ಮ ಮನೆಗಳಿಗೆಲ್ಲ ಬಂದರಿನಲ್ಲಿ ಪಾಳಿ ಬದಲಾಗುವಾಗ ಕೂಗುವ ಭೋಂಗಾವೇ ಗಡಿಯಾರ. ಅದು ಕೂಗಿದರೆ ನಲ್ಲಿಗೆ ಕೊಡ ಇಡುತ್ತೇವೆ, ದೀಪ ಹಚ್ಚುತ್ತೇವೆ. ಮಗ ಬಾಳುವಿನ ಎದೆಬಡಿತ ನೋಡುವುದನ್ನೂ ನಾನು ಸಂಜೆಯ ಭೋಂಗಾಕ್ಕೇ ಗೊತ್ತು ಮಾಡಿಕೊಂಡಿದ್ದೆ.

ಬಾಳು ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದವನು. ಮಳೆಗಾಲಕ್ಕೆ ಮುಂಚೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಈಗ ಗೋಡೆ ಹಿಡಿದು ಮನೆಯೊಳಗೆ ನಡೆಯುತ್ತಾನೆ. ಹೊರಗಿನ ಇಳಿಜಾರಿನಲ್ಲಿ ನಡೆಯಬೇಕೆಂಬುದೊಂದೇ ಅವನ ಹಟ. ಸುಮ್ಮನೆ ಕುಳಿತಾಗ ಬಡಿತ ಶಾಂತವಾಗಿದ್ದರೆ ಮಾತ್ರ ಹೊರಗೆ ಬಿಡೋಣವೆಂದು ಡಾಕ್ಟರರು ಹೇಳಿದ್ದರು. ಬೆರಳಿಗೆ ಸಿಕ್ಕಿಸುವ ಸಣ್ಣ ಮಷೀನೊಂದನ್ನು ತಂದೆವು.

ಪ್ರತಿ ಸಂಜೆ ಸಿಕ್ಕಿಸಿದಾಗಲೂ ಅಂಕಿ ಮೇಲಕ್ಕೇ ಓಡುತ್ತಿತ್ತು.

"ಇವತ್ತ ಬ್ಯಾಡಪಾ. ನಾಳೆ ನೋಡೂಣು."

"ದಿನಾ ನಾಳೆ ಅಂತಿ ಯವ್ವಾ. ನಾ ಏನು ತತ್ತಿ ಮ್ಯಾಲೆ ಕುಂತ ಕೋಳಿ ಏನು?"

ಕದ್ದು ತಂಬಾಕು ಹಾಕುತ್ತಾನೇನೋ ಎಂದು ಸೊಸೆ ಮಂಗಲಾ ಅವನ ಜೇಬು ತಡಕಿದಳು. ಏನೂ ಸಿಗಲಿಲ್ಲ.

ಒಂದು ಸಂಜೆ ಭೋಂಗಾ ಕೂಗಿದಾಗ ನನ್ನ ಕೈ ರೊಟ್ಟಿಯ ಹಿಟ್ಟಿನಲ್ಲಿತ್ತು. ಮಷೀನು ಹಿಡಿಯಲಾಗದೆ ಅವನ ಮುಖವನ್ನಷ್ಟೇ ನೋಡಿದೆ. ರಾತ್ರಿ ಪಾಳಿಯ ಹಮಾಲರು ನಮ್ಮ ಬಾಗಿಲ ಮುಂದೆ ಇಳಿದು ಹೋಗುತ್ತಿದ್ದರು. ಅವರ ನಡುವೆ, ಬಾಳುವಿನ ಜೊತೆ ಹೊರೆ ಹೊರುತ್ತಿದ್ದ ಗೆಳೆಯ ನವೀದನ ದೊಡ್ಡ ನಗು. ಬಾಳುವಿನ ಎಡಗೈ ಹೆಗಲ ಮೇಲಿನ ಟವೆಲ್ಲನ್ನು ಎತ್ತಿ, ಹೊರೆ ಹೊರುವವರಂತೆ ತಲೆಗೆ ಸುತ್ತತೊಡಗಿತು. ಹೆಜ್ಜೆಯ ಸದ್ದು ದೂರವಾದ ಮೇಲೆ ಕೈ ತಾನಾಗಿಯೇ ಕೆಳಗೆ ಬಿತ್ತು.

ರೊಟ್ಟಿಯೆಲ್ಲ ಬೇಯಿಸಿ, ಕೈ ತೊಳೆದು ಮಷೀನು ಸಿಕ್ಕಿಸಿದೆ. ಬಡಿತ ಶಾಂತವಾಗಿತ್ತು.

ಭೋಂಗಾ ಕೇಳಿದರೆ ಇವನ ಎದೆ ಕೆಲಸಕ್ಕೆ ಓಡುತ್ತದೆಂದು ಡಾಕ್ಟರರಿಗೆ ಹೇಳಿದಾಗ ನಕ್ಕರು. ಒಂದು ವಾರ ಬೆಳಿಗ್ಗೆ ನೋಡಿ ಬನ್ನಿ ಎಂದರು. ಆಮೇಲೆ ಅಪ್ಪಣೆ ಸಿಕ್ಕಿತು: ನಡೆದಾಗ ಬಡಿತ ಏರುತ್ತದೆ, ಅದಕ್ಕೆ ಹೆದರಬೇಡಿ, ಕುಳಿತ ಮೇಲೆ ಇಳಿಯುತ್ತದೆಯೋ ನೋಡಿ.

ಮರುದಿನ ಭೋಂಗಾ ಕೂಗಿದಾಗ ಬಾಳು ತಲೆಗೆ ಟವೆಲ್ಲು ಸುತ್ತಿಕೊಂಡು, ನನ್ನ ಹೆಗಲು ಹಿಡಿದು ಹೊಸ್ತಿಲು ದಾಟಿದ. ಹಮಾಲರ ಗುಂಪು ಅವನ ನಡಿಗೆಗೆ ತಕ್ಕಂತೆ ನಿಧಾನವಾಯಿತು.

"ಏ ಬಾಳ್ಯಾ, ಮದಲಿಂಗ ಆದ್ಯೇನೋ?" ನವೀದ ಕೂಗಿದ. "ಹಿಂಗ ನಡದ್ರ ನೀ ಮದವಿ ಮಂಟಪಾ ಮುಟ್ಟೂದ್ರಾಗ ಅಕ್ಕಿಕಾಳ ಮುಗದು ಹೋಗ್ತಾವು!"

ಚಹಾದಂಗಡಿಯ ಕಲ್ಲಿನ ಮೇಲೆ ಬಾಳು ಕುಸಿದು ಕುಳಿತ. ಮಷೀನು ಸಿಕ್ಕಿಸಿದೆ. ಅಂಕಿ ಎಷ್ಟೋ ಮೇಲಿತ್ತು. 'ಸಾಕು, ಮನಿಗೆ ಹೋಗೂಣು' ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ನವೀದ ಅವನ ಎಡಗೈಗೆ ಚಹಾದ ಗ್ಲಾಸು ಕೊಟ್ಟು, ಉಳಿದವರ ಜೊತೆ ಇಳಿದು ಹೋದ. ತಿರುವು ದಾಟುವವರೆಗೆ ಬಾಳು ಅವರನ್ನೇ ನೋಡುತ್ತಿದ್ದ.

"ಇಳೀತೇನು ಯವ್ವಾ?"

"ಇಳಿಯಾಕತ್ತೇತಿ."

"ಹಂಗಾರ ನಾಳೆ ಕೆಳಗಿನ ನಲ್ಲಿ ತನಕಾ."

ನಾನು ಹೂಂ ಅಂದೆ. ಅವನ ತಲೆಯ ಟವೆಲ್ಲು ಒಂದು ಕಡೆ ಸಡಿಲಾಗಿತ್ತು. ಅದನ್ನು ಬಿಗಿ ಮಾಡಿ, ಎಬ್ಬಿಸಲು ಹೆಗಲು ಕೊಟ್ಟೆ.