ಹನ್ನೆರಡು ಮೆಟ್ಟಿಲ ಅಟ್ಟಣೆ

ಒಂಬತ್ತನೆಯ ಮೆಟ್ಟಿಲಲ್ಲಿ ಲೆಂಪಿ ನಿಂತುಬಿಟ್ಟಳು. ಕೆಳಗೆ ಅಡುಗೆಮನೆಯಲ್ಲಿ ಅವಳ ಗಂಡ ಅರ್ವೋ ಕಾಫಿ ಲೋಟವನ್ನು ತುಟಿಯ ಹತ್ತಿರವೇ ಹಿಡಿದು ಕಾದ. ಮಲಗುವ ಕೋಣೆಗೆ ಹೋಗುವ ಆ ಹನ್ನೆರಡು ಮೆಟ್ಟಿಲುಗಳಲ್ಲಿ ಒಂದೊಂದರ ಕಿರುಗುಟ್ಟುವಿಕೆಯೂ ಅವನಿಗೆ ಗೊತ್ತು. ನಲವತ್ತು ವರ್ಷದ ಹಿಂದೆ ಮೊಳೆ ಹೊಡೆದವನೇ ಅವನು. ಮೇಲಿನಿಂದ ಕೆಮ್ಮು ಕೇಳಿತು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ಹತ್ತನೆಯದು ಕಿರುಗುಟ್ಟಿತು. ಅರ್ವೋ ಆರಿದ ಕಾಫಿಯನ್ನು ಹಾಗೇ ಇಟ್ಟು, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಕೊಟ್ಟಿಗೆಗೆ ಹೋದ.

ಹಸುಗಳನ್ನು ಮಾರಿ ವರ್ಷಗಳಾಗಿದ್ದ ಆ ಕೊಟ್ಟಿಗೆಯಲ್ಲಿ ಈಗ ಬೇಟೆಯ ಅಟ್ಟಣೆ ತಯಾರಾಗುತ್ತಿತ್ತು. ಎಂಟಡಿ ಉದ್ದ, ಆರಡಿ ಅಗಲದ ಮರದ ಕೋಣೆ, ಮೂರು ಕಡೆ ಕಿಟಕಿ, ಬೂಟಿನ ಸದ್ದು ಕೇಳದಿರಲಿ ಎಂದು ನೆಲಕ್ಕೆ ಹಳೇ ಕಂಬಳಿ. ಜವುಗಿನಿಂದ ತಾನೇ ಕಡಿದು ತಂದ ನಾಲ್ಕು ಸೀಡರ್ ಕಂಬಗಳು ಗೋಡೆಗೆ ಒರಗಿದ್ದವು. ಬೇಟೆ ಶುರುವಾಗುವ ನವೆಂಬರ್ ಹದಿನೈದಕ್ಕೆ ಮುಂಚೆ ನೆರೆಯವನ ಟ್ರ್ಯಾಕ್ಟರಿನಲ್ಲಿ ಎಲ್ಲವನ್ನೂ ಜವುಗಿನ ಅಂಚಿಗೆ ಸಾಗಿಸಿ, ಕಂಬ ನೆಟ್ಟು, ಕೋಣೆಯನ್ನು ಮೇಲೇರಿಸಿ, ಏಣಿಯ ಬದಲು ಅಗಲವಾದ ಮೆಟ್ಟಿಲು ಜೋಡಿಸುವುದು ಅವನ ಲೆಕ್ಕಾಚಾರ. ಅಲ್ಲಿನ ಪೊದೆ ಆಳೆತ್ತರಕ್ಕಿಂತ ಹೆಚ್ಚು. ಅದರ ಮೇಲಿಂದ ನೋಡಿದರೆ ಮಾತ್ರ ಜಿಂಕೆಗಳ ದಾರಿ ಕಾಣುತ್ತದೆ. ಅದಕ್ಕೇ ಹನ್ನೆರಡು ಮೆಟ್ಟಿಲು ಎತ್ತರ ಇಟ್ಟುಕೊಂಡಿದ್ದ.

ಕಟ್ಟು ಅಂದವಳು ಲೆಂಪಿಯೇ. ಏಪ್ರಿಲ್‌ನಲ್ಲಿ ಆಸ್ಪತ್ರೆಯಿಂದ ಬರುವಾಗ, ಹಿಮ ಕರಗಿದ ರಸ್ತೆಯನ್ನೇ ನೋಡುತ್ತ ಹೇಳಿದ್ದಳು. "ಒಂದು ಅಟ್ಟಣೆ ಕಟ್ಟೋ. ಮನೆಮಂದಿಗೆಲ್ಲ ಆಗೋ ಹಾಗೆ. ಬೇಟೆಗೆ ಅಂತ ಮಂಗನ ಹಾಗೆ ಮರದ ಮೇಲೆ ಕೂತಿದ್ದು ಸಾಕು." ಶ್ವಾಸಕೋಶ ಕಲ್ಲಾಗುತ್ತಿದೆ ಎಂದು ಡಾಕ್ಟರು ಹೇಳಿ ಆಗಿನ್ನೂ ಒಂದು ತಾಸೂ ಆಗಿರಲಿಲ್ಲ. ಅರ್ವೋ "ಆಯ್ತು" ಅಂದ. ಅದಕ್ಕಿಂತ ಹೆಚ್ಚು ಮಾತು ಇಬ್ಬರಿಗೂ ಬೇಕಾಗಿರಲಿಲ್ಲ. ಮಿಶಿಗನ್ನಿನ ಈ ಉತ್ತರದ ತುದಿಗೆ ಅಜ್ಜಂದಿರ ಕಾಲದಲ್ಲಿ ಫಿನ್ಲೆಂಡಿನಿಂದ ಬಂದು ತಾಮ್ರದ ಗಣಿಗಿಳಿದ ಜನ ಇವರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಂಬಿದವರು. ಸತ್ತವರ ಮನೆಗೆ ಹೋದರೂ ಏಲಕ್ಕಿ ರೊಟ್ಟಿ ಮೇಜಿನ ಮೇಲಿಟ್ಟು ಹವೆಯ ಮಾತಾಡಿ ಬರುವವರು.

ಬೇಸಿಗೆಯಲ್ಲಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಬಂದೂಕು ಊರುವ ಮೊಣಕೈ ನೆಲದಿಂದ ಎಷ್ಟೆತ್ತರ ಎಂದು ಅಳೆದಿದ್ದ. ಕಿಟಕಿಯ ಕಟ್ಟೆ ಅದೇ ಅಳತೆಗೆ ಬರಬೇಕಿತ್ತು. "ಗಣಿ ಬಡಗಿ ದರ್ಜಿ ಆಗ್ಬಿಟ್ಯಲ್ಲೋ," ಎಂದು ನಕ್ಕಿದ್ದಳು. ಅವನಿಗಿಂತ ಅವಳ ಗುರಿ ಚೆನ್ನ, ಇದು ಊರಿಗೇ ಗೊತ್ತಿದ್ದ ವಿಷಯ. ಈ ಸಲ ಹದಿನೈದರ ಬೆಳಿಗ್ಗೆ ಅವಳು ಅಲ್ಲಿ ಕೂರಬೇಕು, ಅಷ್ಟೇ. ಜಿಂಕೆ ಬರಲಿ ಬಿಡಲಿ. ಅರ್ವೋ ಬೇರೇನನ್ನೂ ಬೇಡಿಕೊಂಡಿರಲಿಲ್ಲ.

ಈಗ ಅವನು ಕಂಬದ ಬುಡದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದ. ಕತ್ತರಿಸಿ ಹೋಗುವ ತುಂಡಿನ ಮೇಲೆ, ಗಣಿಯಲ್ಲಿದ್ದಾಗಿನ ಅಭ್ಯಾಸದಂತೆ, ಅಲ್ಲಿಯವರೆಗಿನ ಎತ್ತರ ಬರೆದ: ಹನ್ನೆರಡು. ಯಂತ್ರದ ಗರಗಸವಾದರೆ ಮನೆಗೆ ಕೇಳಿಸುತ್ತದೆಂದು ಕೈಗರಗಸವನ್ನೇ ಹಿಡಿದ. ಒಂಬತ್ತು ಮೆಟ್ಟಿಲಾದರೂ ಪೊದೆಯ ತಲೆ ದಾಟುತ್ತದೆ, ಪರವಾಗಿಲ್ಲ ಎಂದುಕೊಂಡ.

ಸೆಪ್ಟೆಂಬರಿನಲ್ಲಿ ಅವಳು ಏಳರಲ್ಲಿ ನಿಂತಳು. ಅವನು ಕತ್ತರಿಸಿದ. ಮೇಪಲ್ ಎಲೆ ಕೆಂಪಾಗುವಾಗ ಐದರಲ್ಲಿ ನಿಂತು ಅಲ್ಲೇ ಕುಳಿತಳು. ಮತ್ತೆ ಕತ್ತರಿಸಿದ. ಐದು ಮೆಟ್ಟಿಲ ಎತ್ತರದಿಂದ ಪೊದೆಯ ಹೊಟ್ಟೆ ಬಿಟ್ಟು ಇನ್ನೇನೂ ಕಾಣದು, ಗಾಳಿ ಅತ್ತ ತಿರುಗಿದರೆ ಮನುಷ್ಯರ ವಾಸನೆ ನೇರ ಜಿಂಕೆಯ ಮೂಗಿಗೆ ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೊಯ್ದ. ಅವಳ ಹಾಸಿಗೆ ಕೆಳಗಿನ ಕೋಣೆಗೆ ಇಳಿದಿದ್ದೂ ಆ ವಾರವೇ.

ಒಂದು ಮಧ್ಯಾಹ್ನ ಕೊಟ್ಟಿಗೆಯ ಬಾಗಿಲಲ್ಲಿ ಚಕ್ರದ ಸದ್ದಾಯಿತು. ಪುಟ್ಟ ಗಾಡಿಯಲ್ಲಿ ಆಮ್ಲಜನಕದ ಸಿಲಿಂಡರು ಎಳೆದುಕೊಂಡು, ಅವನ ಹಳೇ ಕೋಟು ಹೊದ್ದು, ಲೆಂಪಿ ನಿಂತಿದ್ದಳು. ಉಸಿರು ಹಿಡಿತಕ್ಕೆ ಬರುವವರೆಗೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಏನೋ ಇದು, ಕೋಳಿಗೂಡಾ?"

"ಅಟ್ಟಣೆ."

"ಅಟ್ಟಣೆಗೆ ಕಾಲೆಲ್ಲಿ?"

ಅವನು ಗರಗಸದ ಹಲ್ಲಿನಿಂದ ಹೊಟ್ಟು ತೆಗೆಯುತ್ತ ನಿಂತ. ಲೆಂಪಿ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತಳು. ಪಕ್ಕದಲ್ಲೇ ತುಂಡುಗಳ ರಾಶಿ. ಒಂದನ್ನೆತ್ತಿ ಅಂಕೆ ಓದಿದಳು, ಇನ್ನೊಂದನ್ನೆತ್ತಿದಳು. ಹನ್ನೆರಡು, ಒಂಬತ್ತು, ಏಳು.

"ನಾನು ನಿಂತಿದ್ದ ಮೆಟ್ಟಿಲು, ಅಲ್ವಾ?"

"ಹೂಂ."

"ಕಳ್ಳನ ಹಾಗೆ ಕೂತು ಎಣಿಸ್ತಿದ್ದೆ ನೀನು."

"ಮೆಟ್ಟಿಲು ಕಿರುಗುಟ್ಟುತ್ತೆ. ಕೇಳಿಸ್ತಿತ್ತು."

"ಬಾಯಿ ಬಿಟ್ಟು ಕೇಳಿದ್ರೆ ಮುತ್ತು ಉದುರ್ತಿತ್ತಾ? ಹತ್ತೋಕಾಗುತ್ತೇನೇ ಅಂತ?"

"ಕೇಳಿದ್ರೆ ಏನಂತಿದ್ದೆ?"

"ಆಗುತ್ತೆ ಅಂತಿದ್ದೆ." ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಂತಾಗ ಅವಳ ಕಣ್ಣಲ್ಲಿ ನೀರಿತ್ತು. "ನನಗೆ ಕಟ್ಟು ಅಂತ ಯಾರೋ ಹೇಳಿದ್ದು? ಮನೆಮಂದಿಗೆ ಅಂದಿದ್ದೆ. ನವೆಂಬರು ದಾಟೋದು ಕಷ್ಟ ಅಂತ ಡಾಕ್ಟರು ಹೇಳಿದಾಗ ನೀನೂ ಅಲ್ಲೇ ಕೂತಿದ್ಯಲ್ಲ, ಟೋಪಿ ತಿರುಗಿಸ್ತಾ."

"ಕೂತಿದ್ದೆ."

"ಮತ್ತೆ? ಬೆಚ್ಚಗಿರೋ ಜಾಗ ಅಂತ ಒಂದಿದ್ರೆ ಮಗಳು ಕೈಸಾ ಮಕ್ಕಳನ್ನ ಕರ್ಕೊಂಡು ವರ್ಷಕ್ಕೊಂದ್ಸಲ ಬರ್ತಾಳೆ. ಆ ಮಕ್ಕಳು ಹನ್ನೆರಡಲ್ಲ, ಇಪ್ಪತ್ತು ಮೆಟ್ಟಿಲು ಓಡಿ ಹತ್ತುತ್ವೆ. ಇಲ್ಲಾಂದ್ರೆ ನೀನೊಬ್ನೇ ಗೂಬೆ ಹಾಗೆ ಮರದ ಮೇಲೆ ಕೂತು, ಒಂದಿನ ಬಿದ್ದು, ಹಿಮದಲ್ಲೇ ಬಿದ್ದಿರ್ತೀಯ. ಯಾರು ಹುಡುಕ್ತಾರೆ ನಿನ್ನ? ನನಗೆ ಇದ್ದಿದ್ದು ಅದೊಂದೇ ಯೋಚನೆ ಕಣೋ. ಅದನ್ನೂ ಕತ್ತರಿಸಿ ಹಾಕಿದ್ಯಲ್ಲ."

ಅರ್ವೋ ಗರಗಸ ಕೆಳಗಿಟ್ಟ. ಕಂಬ ಕೊಯ್ಯುತ್ತಿದ್ದಷ್ಟು ದಿನ ಏನೋ ಉಳಿಸುತ್ತಿದ್ದೇನೆ ಎಂದುಕೊಂಡಿದ್ದ. ಅವಳ ಉಸಿರಿನ ಹಿಂದೆಯೇ ಇಳಿಯುತ್ತ ಹೋಗಿ ಅವಳ ಆಸೆಯನ್ನೇ ನೆಲಕ್ಕಿಳಿಸಿದ್ದ. ಕೊಯ್ದ ಮರ ಕೂಡುವುದಿಲ್ಲ ಎಂದು ಬಡಗಿಗೆ ಹೊಸದಾಗಿ ಹೇಳಿಕೊಡಬೇಕೇ?

"ಬೇರೆ ಕಂಬ ಕಡೀತೀನಿ," ಅಂದ. "ಹದಿನೈದರೊಳಗೆ."

"ಹನ್ನೆರಡು ಮೆಟ್ಟಿಲು. ಒಂದೂ ಕಮ್ಮಿ ಬೇಡ." ಅವಳು ಎದ್ದು, ಜೋಡಿಸಿಟ್ಟಿದ್ದ ಮೆಟ್ಟಿಲುಗಳಲ್ಲಿ ಮೊದಲನೆಯದರ ಮೇಲೆ ಕಾಲಿಟ್ಟಳು. ಮರ ಗಟ್ಟಿಯಾಗಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತು ಕಾಲು ತೆಗೆದಳು. "ಮೆಟ್ಟಿಲು ಚೆನ್ನಾಗಿ ಮಾಡಿದೀಯ," ಅಂದಳು.

ಮರುದಿನವೇ ಅವನು ಜವುಗಿಗೆ ಹೋದ. ಅಕ್ಟೋಬರಿನ ಮಳೆಗೆ ನೀರು ಮೊಣಕಾಲಿಗೆ ಬಂದಿತ್ತು. ಒಂದು ಸೀಡರ್ ಬೀಳಿಸಿ ಕೊಂಬೆ ಸವರುತ್ತಿದ್ದಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮನೆಗೆ ಬಂದಿದ್ದ ನರ್ಸು, "ಬೇಗ ಬನ್ನಿ," ಅಂದಳು. ಆಮೇಲೆ ಅವನು ಅವಳ ಹಾಸಿಗೆ ಬಿಟ್ಟು ಜವುಗಿನವರೆಗೆ ಹೋಗಲಿಲ್ಲ. ಕಡಿದ ಮರ ನೀರಿನಲ್ಲೇ ಉಳಿಯಿತು, ಅದರ ಮೇಲೆ ಹಿಮ ಬಿತ್ತು.

ಹದಿನೈದರ ಬೆಳಿಗ್ಗೆ ಬೆಳಕು ಹರಿಯುವಾಗ ಕೈಸಾ ತಾಯಿಯ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದಳು. ಇಂಥ ಸ್ಥಿತಿಯಲ್ಲಿ ಬೇಡವೆಂದು ಮಕ್ಕಳನ್ನು ಗಂಡನ ಹತ್ತಿರ ಬಿಟ್ಟು ಬಂದಿದ್ದಳು. ಅರ್ವೋ ಒಲೆಯ ಮುಂದೆ ಕೂತಿದ್ದ. ಎರಡು ದಿನದಿಂದ ಕೊಟ್ಟಿಗೆಯ ಆ ತುಂಡುಗಳನ್ನೇ ತಂದು ಉರಿಸುತ್ತಿದ್ದ. ಮನೆಯೆಲ್ಲ ಸೀಡರಿನ ವಾಸನೆ.

ದೂರದಲ್ಲಿ ಮೊದಲ ಗುಂಡು ಕೇಳಿತು. ಲೆಂಪಿ ಕಣ್ಣು ತೆರೆದಳು. ಮದ್ದಿನ ಮಂಪರಿನಲ್ಲಿ ಅವಳ ಮಾತು ತೊದಲುತ್ತಿತ್ತು.

"ನಮ್ಮೋರಾ?"

"ಹೂಂ," ಅಂದ ಅರ್ವೋ. "ಮಕ್ಕಳು."

"ಕಾಣ್ತಿದೆಯಂತಾ... ಅಷ್ಟೆತ್ತರದಿಂದ?"

"ಎಲ್ಲಾ ಕಾಣುತ್ತಂತೆ. ಹನ್ನೆರಡು ಮೆಟ್ಟಿಲಲ್ವಾ."

ಕೈಸಾ ಬಟ್ಟೆ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ಅಪ್ಪನ ಮುಖ ನೋಡಿದಳು. ಕೇಳಲಿಲ್ಲ. ಅವಳೂ ಅದೇ ಮನೆಯ ಮಗಳು. ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿದಳು.

ಲೆಂಪಿ ಕಣ್ಣು ಮುಚ್ಚಿದಳು. "ಚಳಿ," ಅಂದಳು.

ಬುಟ್ಟಿಯಲ್ಲಿ ಒಂದೇ ತುಂಡು ಉಳಿದಿತ್ತು. ಅರ್ವೋ ಅದನ್ನು ತಿರುಗಿಸಿ ಪೆನ್ಸಿಲಿನ ಅಂಕೆ ನೋಡಿದ: ಹನ್ನೆರಡು. ಒಲೆಯ ಬಾಗಿಲು ತೆರೆದು, ಬರಹ ಕೆಳಗಾಗುವಂತೆ ಕೆಂಡದ ಮೇಲಿಟ್ಟು, ಅದಕ್ಕೆ ಬೆಂಕಿ ಹಿಡಿಯುವವರೆಗೆ ಬಾಗಿಲು ಮುಚ್ಚದೆ ಕೂತಿದ್ದ.