ಬಾಣಂತನಕ್ಕಿಟ್ಟ ಮುನ್ನೂರು

ಎಂಟು ತಿಂಗಳ ಬಸುರಿ ಕಲಾವತಿ ತಲೆಯ ಮೇಲೆ ಒಂಬತ್ತು ಇಟ್ಟಿಗೆ ಹೊತ್ತು ಎರಡು ಮಹಡಿ ಏರುತ್ತಿದ್ದಳು. ಹನ್ನೊಂದು ಹೊತ್ತರೆ ಕಿಬ್ಬೊಟ್ಟೆ ಹಿಡಿಯುತ್ತಿತ್ತು. ಏಳು ಹೊತ್ತರೆ ಕೂಲಿಗಳ ಮೇಸ್ತ್ರಿ, ಮುಕಾದಮ ಹೊನ್ನಪ್ಪ ಅರ್ಧ ಪಗಾರ ಮುರಿಯುತ್ತಿದ್ದ. ರಾಮದಾಸಪೇಠಿನಲ್ಲಿ ಅವರು ಕಟ್ಟುತ್ತಿದ್ದದ್ದು ಯಾರೋ ಡಾಕ್ಟರರ ಹೆರಿಗೆ ಆಸ್ಪತ್ರೆ. ನಾಗಪುರದ ಏಪ್ರಿಲ್ ಬಿಸಿಲಿಗೆ ಅಲ್ಲಿಯ ಕಬ್ಬಿಣದ ಸಲಾಕೆ ಮುಟ್ಟಿದರೆ ಅಂಗೈ ಬೊಬ್ಬೆ ಏಳುತ್ತಿತ್ತು.

ಹೋದ ಸಲ ಅವಳು ಜೋಪಡಿಯಲ್ಲೇ ಎರಡು ದಿನ ಬ್ಯಾನೆ ತಿಂದಿದ್ದಳು. ಕೂಸು ಅಡ್ಡ ಇದೆ, ದವಾಖಾನೆಗೆ ಒಯ್ಯಿರಿ ಎಂದು ಸೂಲಗಿತ್ತಿ ಹೇಳಿದಾಗ ಗಂಡ ಬಸವಂತನ ಕಿಸೆಯಲ್ಲಿ ನಾಲ್ಕು ರೂಪಾಯಿ ಇತ್ತು. ಅವನು ಸಾಲ ಹುಟ್ಟಿಸಿ ಆಟೋ ತರುವಷ್ಟರಲ್ಲಿ ಕೂಸು ಹೊಟ್ಟೆಯಲ್ಲೇ ಸತ್ತಿತ್ತು.

ಹಾಗಾಗಿ ಈ ಸಲ ಎರಡನೆಯ ತಿಂಗಳಿಗೇ ಅವಳು ಎಚ್ಚರಾದಳು. ದಿನದ ಒಂಬತ್ತು ರೂಪಾಯಿ ಪಗಾರದಲ್ಲಿ ಎರಡನ್ನು ಹೊನ್ನಪ್ಪನ ಹತ್ತಿರವೇ ಬಿಡತೊಡಗಿದಳು. ಗೋಣಿತಟ್ಟಿನ ಜೋಪಡಿಗೆ ಬಾಗಿಲಿಲ್ಲ. ಬಸವಂತನಿಗೆ ಸೆರೆ ಕುಡಿಯುವ ಚಟ. ಬ್ಯಾಂಕಿನ ಬಾಗಿಲಿಗೆ ಹೋದರೆ ಕಾವಲಿನವನು ಮರಾಠಿಯಲ್ಲಿ ಗದರಿಸುತ್ತಿದ್ದ. ಹೊನ್ನಪ್ಪನೋ ಸಿಂದಗಿ ಕಡೆಯವನು, ಬಾಯಿ ತುಂಬ ತಂಗಿ ಎನ್ನುವವನು. ಉಳಿದ ಹೆಂಗಸರೂ ಅವನಲ್ಲೇ ಇಟ್ಟಿದ್ದರು. ಊರು ಬಿಟ್ಟವರಿಗೆ ತಮ್ಮ ಮಾತಾಡುವವನೇ ತಿಜೋರಿ.

ಸ್ಲ್ಯಾಬ್ ಹಾಕುವ ದಿನ ಬೆಳಿಗ್ಗೆ ಅವಳು ಬಾಯಿಬಿಟ್ಟು ಕೇಳಿದಳು.

"ಅಣ್ಣಾರ, ವಾರಕ್ಕ ಹನ್ನೆರಡರಂಗ ಇಪ್ಪತ್ತೈದು ವಾರ ಆತು. ಮುನ್ನೂರು ಕೊಟ್ರ ದವಾಖಾನ್ಯಾಗ ಹೆಸರು ಹಚ್ಚಿ ಬರ್ತೀನಿ."

ಹೊನ್ನಪ್ಪ ಎಲೆಯಡಿಕೆ ಉಗುಳಿದ. "ಎಲ್ಲೀವು ಮುನ್ನೂರು? ಜೋಪಡಿ ಜಾಗಾದ ಬಾಡಿಗಿ, ನೀರಿಂದು, ನಿನ್ನ ಗಂಡ ಒಯ್ದ ಉದ್ರಿ ಕಳದ್ರ ಮೂವತ್ತೆರಡು ಉಳೀತಾವ. ಮತ್ತ ನಾಳಿಂದ ನೀ ಬರಬ್ಯಾಡ. ಈ ಹೊಟ್ಟಿ ಹೊತ್ಕೊಂಡು ಬಿದ್ದಿ ಅಂದ್ರ ನನ್ನ ತಲಿಗೆ ಬರ್ತೈತಿ."

"ಬಾಡಿಗಿ ಐತಂತ ಹೇಳಿದ್ದಿಲ್ಲಲ್ರಿ."

"ನೀ ಕೇಳಿದ್ದಿಲ್ಲಲ್ಲ, ತಂಗಿ."

ಮಿಕ್ಸರ್ ಶುರುವಾಯಿತು. ಸ್ಲ್ಯಾಬಿನ ಕೆಲಸ ಹಿಡಿದರೆ ನಡುವೆ ಬಿಡುವಂತಿಲ್ಲ. ಅರ್ಧಕ್ಕೆ ನಿಂತರೆ ಹಾಕಿದ್ದು ಒಣಗಿ, ಹೊಸದು ಕೂಡದೆ, ಮುಂದೆ ಅಲ್ಲೇ ಸೋರುತ್ತದೆ. ಹೆಂಗಸರು ಕೆಳಗಿನಿಂದ ಮೇಲಿನವರೆಗೆ ಸಾಲಾಗಿ ನಿಂತು ಕಲಸಿದ ಕಾಂಕ್ರೀಟು ಮಾಲಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಕಲಾವತಿ ಪಕ್ಕದ ಗಂಗೂಬಾಯಿಗೆ ಬುಟ್ಟಿಯ ಜೊತೆ ಮಾತನ್ನೂ ದಾಟಿಸಿದಳು. ಅದು ಸಾಲು ಹಿಡಿದು ಮೇಲಕ್ಕೆ ಹೋಯಿತು.

"ನಾ ಮಗಳ ಮದುವಿಗೆ ಇಟ್ಟೀನಿ. ನನಗೂ ಬಾಡಿಗಿ ಮುರಕೊಂಡು ಅರ್ಧಾ ಅಳಿಯನ್ನ ಕೊಡ್ತಾನೇನ?" ಎಂದಳು ಗಂಗೂಬಾಯಿ.

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಗಂಗೂಬಾಯಿ ಖಾಲಿ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು.

ಹೊನ್ನಪ್ಪ ಓಡಿಬಂದ. "ಏಳ್ರಿ, ಮಾಲು ಗಟ್ಟಿ ಆಗ್ತೈತಿ."

"ಆಗಲಿ. ಅಕಿ ಮುನ್ನೂರು ತಾ," ಎಂದಳು ಗಂಗೂಬಾಯಿ.

"ಅಕಿ ಗಂಡಂದು ಉದ್ರಿ ಐತಿ. ಹೇಳೋ ಬಸವಂತ."

ಮಿಕ್ಸರಿನ ಹತ್ತಿರ ನಿಂತಿದ್ದ ಬಸವಂತ ಸಲಿಕೆ ಕೆಳಗಿಟ್ಟ. "ಅದನ್ನ ನನ್ನ ಪಗಾರದಾಗ ಮುರಕೊಂಡೀಯಲ್ಲೋ ಹೊನ್ನಪ್ಪಾ," ಎಂದ.

ಇಂಜಿನಿಯರ್ ಸಾಹೇಬ ಮೇಲಿನಿಂದ ಬಗ್ಗಿ, ಕೆಲಸ ಯಾಕೆ ನಿಂತಿತೆಂದು ಗದರಿದ. "ಕಾಮ್ ಕ್ಯೂಂ ಬಂದ್ ಹೈ?"

"ತೀನ್ ಸೌ, ಸಾಹೇಬ," ಎಂದಳು ಕಲಾವತಿ. ಅವಳಿಗೆ ಬರುತ್ತಿದ್ದ ಹಿಂದಿ ಅಷ್ಟೇ. ಹೊಟ್ಟೆ ಮುಟ್ಟಿ ತೋರಿಸಿದಳು.

ಸಾಹೇಬ ಹೊಟ್ಟೆ ನೋಡಲಿಲ್ಲ, ಗಡಿಯಾರ ನೋಡಿದ. ಮುಕಾದಮನ ಕಡೆ ತಿರುಗಿ, "ದೇ ದೋ, ಜಲ್ದಿ," ಎಂದ.

ಹೊನ್ನಪ್ಪ ಅಂಗಿಯೊಳಗಿಂದ ನೋಟಿನ ಸುರುಳಿ ತೆಗೆದ. ಎಲ್ಲರೂ ಅದರ ದಪ್ಪ ನೋಡಿದರು. ಮುನ್ನೂರು ಎಣಿಸಿ ಕಲಾವತಿಯ ಕೈಗೆ ಎಸೆದಂತೆ ಇಟ್ಟ. "ಆತಲ್ಲ? ಏಳ್ರಿ."

ಗಂಗೂಬಾಯಿ ಏಳಲಿಲ್ಲ. "ಅಕಿದಾತು. ನಮ್ಮದು?"

"ನಾಳಿಂದ ಒಬ್ಬಾಕಿನೂ ಇಲ್ಲಿ ಕಾಲಿಡಬ್ಯಾಡ್ರಿ."

"ಅದಕ್ಕ ನಮ್ಮ ಲೆಕ್ಕಾ ಇವತ್ತ ಮುಗಸು ಅಂತೀನಿ."

ಕಲಾವತಿ ನೋಟುಗಳನ್ನು ಕುಪ್ಪಸದೊಳಗೆ ಸೇರಿಸಿದಳು. ಅವಳಿಗಿನ್ನು ಇಲ್ಲಿ ಕೆಲಸವಿರಲಿಲ್ಲ. ಸೊಂಟ ಹಿಡಿದುಕೊಂಡು, ಮೆಲ್ಲಗೆ, ಗಂಗೂಬಾಯಿಯ ಪಕ್ಕದಲ್ಲಿ ಕೂತಳು. ಮೇಲೆ ಅರ್ಧ ಹಾಕಿದ ಸ್ಲ್ಯಾಬು ಬಿಸಿಲಿಗೆ ಅಂಚಿನಿಂದ ಬೆಳ್ಳಗಾಗತೊಡಗಿತ್ತು.