ಕೊನೆಯ ಬೆಂಚಿನ ಬಡಗಿ

ಚರ್ಚಿನ ಬೆಂಚುಗಳನ್ನೆಲ್ಲ ಮಾಡಿದ ಬಡಗಿ ಹತ್ತು ವರ್ಷದಿಂದ ಕೊನೆಯ ಬೆಂಚಿನಲ್ಲೇ ಕೂರುತ್ತಿದ್ದ. ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೂ ಬರುತ್ತಿದ್ದ. ಕಳೆದ ಭಾನುವಾರ ಪಾದ್ರಿಗಳು, ತಗ್ಗಿ ನಡೆಯುವವರನ್ನೇ ದೇವರು ಮೇಲಕ್ಕೆತ್ತುತ್ತಾನೆ, ಕೊನೆಯ ಜಾಗ ಹುಡುಕಿಕೊಳ್ಳಿ ಎಂದು ಬೋಧಿಸಿದ್ದರು. ಮಾತು ಎಲ್ಲರ ಮನಸ್ಸಿಗೂ ನಾಟಿತ್ತು. ಈ ಭಾನುವಾರ ಬಡಗಿ ಹೆಂಡತಿಯೊಂದಿಗೆ ಬಂದು ನೋಡಿದರೆ ಹಿಂದಿನ ಬೆಂಚುಗಳಲ್ಲಿ ಜನ ಕಿಕ್ಕಿರಿದಿದ್ದರು. ಖಾಲಿ ಉಳಿದದ್ದು ಮೊದಲನೆಯದೊಂದೇ.

"ಸ್ವಲ್ಪ ಆಚೆ ಸರ್ಕೊಳ್ರಿ, ಇದು ನನ್ನ ಜಾಗ," ಎಂದ ಕೊನೆಯ ಬೆಂಚಿನವರಿಗೆ.

ಹೊಸದಾಗಿ ವಿನಯ ಕಲಿತವರು ಜಗ್ಗುತ್ತಾರೆಯೇ? ಬಡಗಿ ಎಲ್ಲರ ಕಣ್ಣೆದುರು ಚಪ್ಪಲಿ ಕಿರುಗುಟ್ಟಿಸುತ್ತ ಮುಂದೆ ಹೋಗಿ, ನಾಚಿ ನೀರಾಗಿ ತಲೆ ತಗ್ಗಿಸಿ ಕೂತ.

ಹೆಂಡತಿ ಕಿವಿಯಲ್ಲಿ ಉಸುರಿದಳು: "ಕೊನೇ ಬೆಂಚಲ್ಲಿ ಇಷ್ಟು ವರ್ಷ ಕೂತ್ರೂ ಬಗ್ಗದ ತಲೆ, ಇವತ್ತು ಮುಂದೆ ಕೂತ ತಕ್ಷಣ ಬಗ್ಗಿತಲ್ರೀ."